ಜೇಡಗಳ ಮನೆ ಬಾಡಿಗೆ

“ಇನ್ನೂ ಒಬ್ರೂ ಉಸಿರೆತ್ತಿಲ್ವೇನೋ?” ಎಂದು ಅಕ್ಕ ಕೇಳಿದಾಗ ತಮ್ಮನು ಕಟ್ಟುಹಲ್ಲಿನ ಮೇಣದ ಒಸಡಿಗೆ ಮುಂದಿನ ಹಲ್ಲೊಂದನ್ನು ಕೂರಿಸುತ್ತಿದ್ದ. ಕಣ್ಣೆತ್ತದೆ ಇಲ್ಲವೆಂಬಂತೆ ತಲೆಯಾಡಿಸಿದ.

ಕಟ್ಟುಹಲ್ಲು ತಯಾರಿಸುವ ಆ ಪುಟ್ಟ ಕೋಣೆಯಲ್ಲಿ ಅವನು ಹಲ್ಲು ಜೋಡಿಸಿದರೆ ಅವಳು ತಿಕ್ಕಿ ಹೊಳಪು ಕೊಡುತ್ತಿದ್ದಳು. ಕೆಲಸ ಬಿಟ್ಟರೆ ಅವನಿಗೆ ಜೇಡಗಳದೇ ಹುಚ್ಚು. ಅದಕ್ಕೆಂದೇ ಒಂದು ವೆಬ್‌ಸೈಟ್ ಮಾಡಿಕೊಂಡಿದ್ದ. ಯಾರ ಮನೆಯ ಮೂಲೆಯಲ್ಲಿ ಜೇಡ ಕಂಡರೂ ಫೋಟೋ ತೆಗೆದು ಅಲ್ಲಿಗೆ ಕಳಿಸುತ್ತಿದ್ದರು. ಅವನು ಅದರ ಕುಲಗೋತ್ರ ಹೇಳುತ್ತಿದ್ದ. ಹನ್ನೆರಡು ವರ್ಷ ಯಾರ ಮುಂದೆಯೂ ಕೈಚಾಚಿದವನಲ್ಲ. ಈಗ ಆ ಫೋಟೋಗಳನ್ನೆಲ್ಲ ಇಟ್ಟುಕೊಂಡಿದ್ದ ಕಂಪನಿ ಬಾಡಿಗೆಯನ್ನು ಒಮ್ಮೆಗೇ ಮೂರು ಪಟ್ಟು ಏರಿಸಿ ಕೂತಿತ್ತು. ನಾಳೆ ಸಂಜೆಯೊಳಗೆ ಕಟ್ಟದಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ. ವಾರದ ಹಿಂದೆ ನಾಚಿಕೆ ಬದಿಗಿಟ್ಟು, ‘ಕೈಲಾದ ಸಹಾಯ ಮಾಡಿ’ ಎಂದು ಸೈಟಿನಲ್ಲಿ ಬರೆದಿದ್ದ. ಅಂದಿನಿಂದ ಪಿಟಕ್ಕೆಂದವರಿಲ್ಲ.

“ದುಡ್ಡು ಹಾಳಾಗ್ಲಿ ಅಕ್ಕ. ಆಗಲ್ಲ ಅಂತಾದ್ರೂ ಬರೀಬಾರ್ದಾ? ಇಷ್ಟು ವರ್ಷ ಮಾತಾಡಿದೀವಿ.” ತಾನು ಯಾರಿಗೂ ಬೇಡವಾದೆ ಎಂಬುದೇ ಅವನನ್ನು ಕೊರೆಯುತ್ತಿತ್ತು.

ಆಗ ಫೋನ್ ಬಂತು. ಸೈಟಿಗೆ ಮೊದಲಿನಿಂದ ಫೋಟೋ ಕಳಿಸುತ್ತಿದ್ದ ಶಾಲೆಯ ಟೀಚರ್.

“ನನ್ನ ಮೇಲೆ ಸಿಟ್ಟಾ ಸರ್? ಹಣ ಎಲ್ಲಿಗೆ ಕಳಿಸ್ಲಿ ಅಂತ ಮೂರು ಸಲ ಬರ್ದೆ. ಉತ್ತರಾನೇ ಇಲ್ಲ.”

“ಎಲ್ಲಿಗೆ ಅಂತ ಅದರಲ್ಲೇ ಇದೆಯಲ್ಲ ಮೇಡಂ?”

“ಎಲ್ಲಿದೆ? ನಾಲ್ಕು ಸಲ ಕ್ಷಮೆ ಕೇಳಿದೀರಿ, ಖಾತೆ ನಂಬರ್ ಒಂದನ್ನೇ ಬಿಟ್ಟಿದೀರಿ!”

ಅವನು ಹಲ್ಲಿನ ಸೆಟ್ಟನ್ನು ಮೆಲ್ಲನೆ ಕೆಳಗಿಟ್ಟ. ನಂಬರ್ ಮರೆತದ್ದು ಸರಿ, ಆದರೆ ಟೀಚರ್ ಬರೆದದ್ದು ಏನಾಯಿತು? ಥಟ್ಟನೆ ಹೊಳೆಯಿತು. ಸಾಲ ಕೊಡುತ್ತೇವೆ, ಜೇಡ ಕೊಲ್ಲುವ ಔಷಧಿ ಮಾರುತ್ತೇವೆ ಎಂದು ನುಗ್ಗುವವರ ಕಾಟ ತಾಳಲಾರದೆ, ಹಣಕಾಸಿನ ಮಾತು ಬಂದ ಸಂದೇಶವೆಲ್ಲ ಸೀದಾ ಕಸದಬುಟ್ಟಿಗೆ ಬೀಳುವಂತೆ ಹಿಂದೊಮ್ಮೆ ಅವನೇ ಏರ್ಪಾಡು ಮಾಡಿದ್ದ. ಮೂರು ದಿನ ದಾಟಿದ್ದನ್ನು ಆ ಬುಟ್ಟಿ ತಾನಾಗಿಯೇ ಅಳಿಸಿಹಾಕುತ್ತಿತ್ತು.

ವಿಷಯ ತಿಳಿದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ ಪುಣ್ಯಾತ್ಮ! ಬಾಗಿಲಿಗೆ ಬೀಗ ಜಡಿದು, ಯಾರೂ ಬರ್ಲಿಲ್ಲ ಅಂತ ಮುಖ ಊದಿಸ್ಕೊಂಡಿದ್ಯಲ್ಲೋ!”

ಕಂಪ್ಯೂಟರಿನಲ್ಲಿ ಬುಟ್ಟಿ ತೆರೆದರೆ ಉಳಿದದ್ದೇ ರಾಶಿ. ‘ಹಣ ಎಲ್ಲಿಗೆ ಕಳಿಸಲಿ?’ ‘ಖಾತೆ ನಂಬರ್ ಹಾಕಿ ಮಹರಾಯರೇ.’ ‘ದುಡ್ಡು ಸ್ವಲ್ಪವೇ ಇದೆ, ಪರವಾಗಿಲ್ವಾ?’ ಮೊದಲ ದಿನಗಳಲ್ಲಿ ಬರೆದವರು ಯಾರೆಂದು ಇನ್ನು ತಿಳಿಯುವಂತಿರಲಿಲ್ಲ. ಅವನು ಹಳೆಯ ಏರ್ಪಾಡನ್ನು ಕಿತ್ತುಹಾಕಿ, ‘ನೀವು ಕೇಳಿದ್ದು ನನಗೆ ತಲುಪಲಿಲ್ಲ, ತಪ್ಪು ನನ್ನದೇ’ ಎಂದು ಸೈಟಿನಲ್ಲಿ ಬರೆದ. ಅಕ್ಕ ಪಾಸ್‌ಬುಕ್ ಹಿಡಿದು ಒಂದೊಂದೇ ಅಂಕಿ ಓದಿ ಹೇಳಿದಳು.

ಆಮೇಲೆ ಬುಟ್ಟಿಯ ತಳದಲ್ಲಿದ್ದ ಸಂದೇಶ ಕಣ್ಣಿಗೆ ಬಿತ್ತು. ಜೊತೆಗೊಂದು ಮಸುಕು ಫೋಟೋ. ‘ನಮ್ಮ ಯಜಮಾನರು ನಿಮಗೆ ಜೇಡದ ಚಿತ್ರ ಕಳಿಸ್ತಿದ್ರು. ಅವರು ಹೋಗಿ ಎರಡು ತಿಂಗಳಾಯ್ತು. ಅವರು ತೆಗೆದದ್ದನ್ನ ದಿನಾ ನಿಮ್ಮ ಸೈಟಲ್ಲೇ ನೋಡ್ತೀನಿ. ಹಣ ಹೇಗೆ ಕಳಿಸೋದು ಗೊತ್ತಿಲ್ಲ. ಇದು ನಾನೇ ತೆಗೆದ ಮೊದಲನೇದು. ಯಾವುದು ಅಂತ ಹೇಳ್ತೀರಾ?’

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮೊದ್ಲು ಇವರಿಗೆ ಬರಿಯೋ. ದುಡ್ಡೇನೂ ಬೇಡ ಅನ್ನು.”

ಅವನು ಫೋಟೋವನ್ನು ದೊಡ್ಡದು ಮಾಡಿದ, ಮತ್ತೂ ದೊಡ್ಡದು ಮಾಡಿದ, ಕನ್ನಡಕ ಒರೆಸಿಕೊಂಡು ಬಗ್ಗಿ ಕಾಲುಗಳನ್ನು ನೋಡಿದ. ಬಳಿಕ ಮೇಣ ಮೆತ್ತಿದ ಬೆರಳಿನಲ್ಲೇ ಕೀಲಿಗಳನ್ನು ಒತ್ತತೊಡಗಿದ:

‘ಇದು ಜಿಗಿಯುವ ಜೇಡ ಅಮ್ಮ. ಬಲೆ ಕಟ್ಟಿ ಕಾಯಲ್ಲ, ಹಾರಿ ಹಿಡಿಯುತ್ತೆ. ಫೋಟೋ ಸ್ವಲ್ಪ ಅಲುಗಿದೆ. ಮುಂದಿನ ಸಲ ಗೋಡೆಗೆ ಮೊಣಕೈ ಒರಗಿಸಿಕೊಂಡು ತೆಗೀರಿ.’