ದನಿ ವಿಜಯವಾಡದಲ್ಲಿ, ಮುಖ ವಿಶಾಖಪಟ್ಟಣದಲ್ಲಿ

ಹರಿಣಾಕ್ಷಿಯವರು ಮನಸ್ಸಿನ ಮಾತನ್ನು ಕಣ್ಣು ಮುಚ್ಚಿಕೊಂಡೇ ಆಡುತ್ತಾರೆ. ಬೆಂಡೆಕಾಯಿ ಬಲಿತಿದೆಯೆಂದು ತರಕಾರಿಯವನೊಡನೆ ವಾದಕ್ಕಿಳಿದಾಗ ಕಣ್ಣು ತೆರೆದೇ ಇರುತ್ತದೆ. ತೀರಿಹೋದ ತಾಯಿಯ ನೆನಪೋ, ತೆಲುಗಿನಲ್ಲೇ ಜಗಳವಾಡುವ ಮಗಳ ಮೇಲಿನ ಮುನಿಸೋ ನಾಲಿಗೆಗೆ ಬಂತೆಂದರೆ ಮಾತ್ರ ರೆಪ್ಪೆಗಳು ತಾವಾಗಿ ಇಳಿದು, ಹುಬ್ಬು ಮೇಲೇರಿ, ಬಲಗೈ ಕಿವಿಯ ಹಿಂದೆ ಹೋಗಿ ನಿಲ್ಲುತ್ತದೆ. ಜಿಂಕೆಗಣ್ಣಿನವಳೆಂದು ಹೆಸರಿಟ್ಟ ಅಜ್ಜ ಇದನ್ನು ಕಂಡಿದ್ದರೆ ನೊಂದುಕೊಳ್ಳುತ್ತಿದ್ದನೋ ಏನೋ. ಇದು ರೇಡಿಯೋ ಹಚ್ಚಿದ ಚಟ.

ಗದಗಿನ ಈ ಹುಡುಗಿ ಉಕ್ಕಿನ ಕಾರ್ಖಾನೆಯ ಇಂಜಿನಿಯರ್ ನಿರಂಜನರ ಕೈಹಿಡಿದು ವಿಶಾಖಪಟ್ಟಣಕ್ಕೆ ಬಂದವರು. ಟೌನ್‌ಶಿಪ್ಪಿನ ಕನ್ನಡ ಸಂಘದ ನಾಟಕಕ್ಕೆ ಅತ್ತೆಯ ಪಾತ್ರಧಾರಿಣಿ ಕೈಕೊಟ್ಟಾಗ, ಮದುವೆಯ ಅರಿಶಿನ ಆರುವ ಮೊದಲೇ ತಲೆಗೆ ಪೌಡರ್ ಬಳಿದುಕೊಂಡು ರಂಗಕ್ಕೆ ನಡೆದರು. ಅಂದು ಬೆಳ್ಳಗಾದ ಕೂದಲು ಪಾತ್ರಗಳಲ್ಲಿ ಮತ್ತೆ ಕಪ್ಪಾಗಲೇ ಇಲ್ಲ. ಅತ್ತೆ, ಅಜ್ಜಿ, ಬಾಯಿಬಡುಕಿ ನೆರೆಮನೆಯಾಕೆ, ಎಲ್ಲವೂ ಅವರ ಪಾಲಿಗೇ ಬಂದವು.

ವಿಜಯವಾಡದ ರೇಡಿಯೋ ಕೇಂದ್ರದವರು ಆ ದನಿಗೆ ಮರುಳಾಗಿ ತಮ್ಮ ತೆಲುಗು ನಾಟಕಗಳಿಗೆ ಕರೆದರು. ಟೌನ್‌ಶಿಪ್ಪಿನ ಹತ್ತಿರದ ದುವ್ವಾಡ ನಿಲ್ದಾಣದಲ್ಲಿ ರೈಲು ಹತ್ತಿ, ಹಾದಿಯುದ್ದಕ್ಕೂ ಪಾತ್ರವನ್ನು ತುಟಿಯಲ್ಲೇ ಮೆಲುಕು ಹಾಕುತ್ತ, ಸ್ಟುಡಿಯೋ ಬಾಗಿಲಲ್ಲಿ ಗಾಜಿನ ಬಳೆ ಕಳಚಿ ಕರವಸ್ತ್ರದಲ್ಲಿ ಗಂಟು ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಗಂಜಿ ಹಾಕಿದ ಸೀರೆ ಮೈಕಿನೆದುರು ಸರಸರ ಎನ್ನುತ್ತದೆಂದು, ಒಗೆದೊಗೆದು ಮೆತ್ತಗಾದ ಮಂಗಳಗಿರಿ ಸೀರೆಯೊಂದನ್ನು ಅದಕ್ಕೆಂದೇ ಮೀಸಲಿಟ್ಟಿದ್ದರು. ಅವರ ತೆಲುಗಿನೊಳಗೆ ಗದಗು ಇಣುಕುತ್ತಿತ್ತು. ಕೇಳುಗರು ಅನಂತಪುರದ ಕಡೆಯ ಯಾರೋ ಮುದುಕಿಯಿರಬೇಕೆಂದು ಒಪ್ಪಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು.

ಸಿನಿಮಾದವರು ಅಷ್ಟು ಉದಾರಿಗಳಲ್ಲ. ವಿಶಾಖಪಟ್ಟಣದ ಕಡಲತಡಿಗೆ ಚಿತ್ರೀಕರಣಕ್ಕೆ ಬಂದವರಿಗೆಲ್ಲ ಹರಿಣಾಕ್ಷಿಯವರ ಸುಕ್ಕು, ಬೊಚ್ಚುನಗೆ ಬೇಕಿತ್ತು. ನುಡಿ ಮಾತ್ರ ಬೇಡ. ಕರಾವಳಿಯ ತೆಲುಗೇ ಆಗಬೇಕೆಂದು ಪ್ರತಿ ಚಿತ್ರದಲ್ಲೂ ಮಾಧವೀಲತಾ ಎಂಬ ಕಂಠದಾನ ಕಲಾವಿದೆಯಿಂದ ಮಾತಾಡಿಸಿದರು. ಹೀಗೆ ದನಿಯನ್ನು ಮೆಚ್ಚಿದವರು ಮುಖ ಕಾಣಲಿಲ್ಲ, ಮುಖ ಮೆಚ್ಚಿದವರು ದನಿ ಕೇಳಲಿಲ್ಲ. ಒಮ್ಮೆಯಾದರೂ ಎರಡೂ ಒಂದೇ ತೆರೆಯ ಮೇಲೆ ಕೂಡಬೇಕೆಂಬುದು ಅವರ ಜೀವದ ಆಸೆಯಾಗಿತ್ತು.

ಮೊನ್ನೆ ಮೊನ್ನೆ ಆ ಯೋಗ ಬಂತು. ಸಾಹಿತ್ಯ ಎಂಬ ಹೊಸ ನಿರ್ದೇಶಕಿ ತನ್ನ ವೆಬ್ ಸರಣಿಯ ಅಜ್ಜಿಗೆ ನಿಮ್ಮದೇ ದನಿ ಇರಲಿ ಎಂದಳು. ಹರಿಣಾಕ್ಷಿಯವರು ಗದಗಿನ ಬಂಧುಬಳಗಕ್ಕೆಲ್ಲ ಫೋನ್ ಮಾಡಿ ಡಂಗುರ ಸಾರಿದರು. ಚಿತ್ರೀಕರಣ ಮುಗಿದು, ಎಂವಿಪಿ ಕಾಲೋನಿಯ ಡಬ್ಬಿಂಗ್ ಸ್ಟುಡಿಯೋದಲ್ಲಿ ತಮ್ಮದೇ ಮುಖದೆದುರು ನಿಂತರು. ತೆರೆಯ ತುಟಿ ನೋಡಿ ಮಾತಾಡಬೇಕು. ಇವರೋ, ಮಾತು ಬಂದೊಡನೆ ಕಣ್ಣು ಮುಚ್ಚುವವರು. ಮುಚ್ಚಿದರೆ ಮಾತು ಅಮೃತ, ತುಟಿ ಎತ್ತಲೋ ಹೋಗಿರುತ್ತಿತ್ತು. ತೆರೆದರೆ ತುಟಿಗೆ ತುಟಿ ಕೂಡುತ್ತಿತ್ತು, ಮಾತು ರೈಲ್ವೆ ನಿಲ್ದಾಣದ ಪ್ರಕಟಣೆಯಾಗುತ್ತಿತ್ತು. ಮಧ್ಯಾಹ್ನದವರೆಗೆ ಹೆಣಗಿದ ಮೇಲೆ ತಾವೇ ಮೈಕು ಬಿಟ್ಟು ಸರಿದು, ಮಾಧವೀಲತಾಳನ್ನು ಕರೆಸೆಂದರು.

ಬಂದ ಮಾಧವೀಲತಾ ಮೊದಲು ಇಡೀ ಭಾಗವನ್ನು ಸುಮ್ಮನೆ ನೋಡಿದಳು. ಒಂದು ದೃಶ್ಯದಲ್ಲಿ ಅಜ್ಜಿ ನಮಗೆ ಬೆನ್ನು ಮಾಡಿ, ಕಡಲಿನತ್ತ ತಿರುಗಿ, ಸತ್ತ ಗಂಡನೊಡನೆ ಮಾತಾಡುತ್ತಾಳೆ. ಅಲ್ಲಿ ತುಟಿಯೇ ಕಾಣುವುದಿಲ್ಲವಲ್ಲ, ಅದು ಅಕ್ಕನದೇ, ನಾನು ಮುಟ್ಟುವುದಿಲ್ಲ ಎಂದುಬಿಟ್ಟಳು. ಹರಿಣಾಕ್ಷಿಯವರು ಬಳೆ ಕಳಚಿ, ಕಣ್ಣು ಮುಚ್ಚಿ, ಒಂದೇ ಸಲಕ್ಕೆ ಹೇಳಿ ಮುಗಿಸಿದರು. ಅದೇ ಇರಲಿ ಎಂದಳು ಸಾಹಿತ್ಯ.

ಸರಣಿ ಬಂದಾಗ ಮನೆಯಲ್ಲಿ ಗಂಡಹೆಂಡತಿ ಜೊತೆಯಾಗಿ ನೋಡಿದರು. ಆ ದೃಶ್ಯ ಮುಗಿದದ್ದೇ ನಿರಂಜನರು ಕನ್ನಡಕ ತೆಗೆದು ಒರೆಸಿಕೊಂಡು, ಇಷ್ಟು ಸಿಕ್ಕಿತಲ್ಲ, ಸಾಕು ಬಿಡು ಎಂದು ಸಮಾಧಾನ ಹೇಳಹೋದರು.

“ಮಾರಿ ಕಾಣ್ಲಿಲ್ಲ ಖರೇ, ನನ್ನ ಬೆನ್ನರ ನನ್ನ ದನಿಲೆ ಮಾತಾಡ್ತು,” ಎಂದರು ಹರಿಣಾಕ್ಷಿ. ಈ ಸಲ ಕಣ್ಣು ತೆರೆದೇ ಇತ್ತು. “ಆದ್ರ ಸಾಕು ಅಂತ ಮಾತ್ರ ನಾ ಅನ್ನಂಗಿಲ್ರಿ.”

ಪೋಷಕ ಪಾತ್ರದವರಿಗೆ ತೃಪ್ತಿಯ ಪಾಠ ಹೇಳುವುದು ಲೋಕದ ಹಳೆಯ ಚಾಳಿ. ನಾಯಕ ಅತ್ತಾಗ ತಲೆ ನೇವರಿಸಿ, ನಾಯಕಿ ಹೊರಟಾಗ ಬುತ್ತಿ ಕಟ್ಟಿಕೊಟ್ಟು, ಮಗ್ಗುಲಿಗೆ ಸರಿದು ನಿಲ್ಲುವ ಈ ಜೀವಗಳು ಅಷ್ಟರಲ್ಲೇ ಧನ್ಯರೆಂದು ನಾವು ನಂಬಿಕೊಂಡಿದ್ದೇವೆ. ಹಾಗೆ ನಂಬುವುದು ನಮಗೆ ಅನುಕೂಲ. ಪಂಕ್ತಿಯುದ್ದಕ್ಕೂ ಬಾಗಿ ಬಾಗಿ ಬಡಿಸುತ್ತ ಬಂದವರಿಗೂ ಹೊಟ್ಟೆ ಹಸಿದಿರುತ್ತದೆ, ಕೇಳುವವರಿಲ್ಲ.