ನೆಲಕ್ಕಿಳಿದ ಅಡಕಲು

ಭೂಕಂಪಕ್ಕೆ ಬಿದ್ದ ಗೋಡೆಗಳನ್ನು ನಿಜಾಮನ ಕಂದಾಯದ ಅಧಿಕಾರಿ ಗಿರ್ದಾವರ ಬಂದು ಬರೆದುಕೊಂಡು ಹೋಗಿ ವರ್ಷವಾಗಿತ್ತು. ಸಾಲಗುಂದದ ಮಂದಿ ಮನೆ ಎಬ್ಬಿಸಿಕೊಂಡು, ಗಡಿಗೆಗಳನ್ನು ಮತ್ತೆ ಒಂದರ ಮೇಲೊಂದು ಅಡಕಲು ಏರಿಸಿದ್ದರು. ಗೋಡೆಯಡಿ ಗಂಡನನ್ನು ಕಳಕೊಂಡ ಅಯ್ಯಮ್ಮ ಮಾತ್ರ ಏರಿಸಲಿಲ್ಲ. ಜೋಳದ್ದು, ಬೇಳೆಯದ್ದು, ಉಪ್ಪಿನದು, ಎಲ್ಲ ಗಡಿಗೆಗಳೂ ನೆಲದ ತುಂಬ ಕೂತಿದ್ದವು. ಕೂಡಲು ಜಾಗವಿಲ್ಲದ ಮನೆಗೆ ಯಾರು ಬಂದಾರು?

ಒಂದು ಮಧ್ಯಾಹ್ನ ನೆರೆಮನೆಯ ಮಾಬುಬೀ ಬೈಯುತ್ತಲೇ ಗಡಿಗೆಗಳನ್ನೆಲ್ಲ ಅಡಕಲಿಟ್ಟು, ಚಾಪೆ ಹಾಸಿ, "ಈಗ ಮನಿ ಆತು ನೋಡು," ಅಂದಳು.

ಅಯ್ಯಮ್ಮ ಎದ್ದು ಒಂದೊಂದೇ ಗಡಿಗೆ ಕೆಳಗಿಳಿಸತೊಡಗಿದಳು. ಮಾಬುಬೀ ಚಾಪೆ ಸುತ್ತಿಕೊಂಡು ಹೊಸ್ತಿಲಿಗೆ ಸರಿದಳು.

"ಅವತ್ತು ನಾವಿಬ್ರೂ ಅಂಗಳಕ್ಕ ಬಂದಿದ್ವಿ, ಅಕ್ಕಾ," ಅಂದಳು ಅಯ್ಯಮ್ಮ. "ಅಡಕಲು ಹಿಡೀತೀನಂತ ಅವರು ತಿರುಗಿ ಒಳಗ ಹೋದ್ರು. ಒಂದ್ ಗಡಿಗಿನೂ ಒಡೀಲಿಲ್ಲ."