ಹತ್ತೊಂಬತ್ತು ಸಲ ‘ಬದಲಾವಣೆ ಇಲ್ಲ’

ಇನ್ನೊಂದು ಸ್ಕ್ರೂ ಬಿತ್ತು, ಉರುಳಿತು, ಗೋಡೆಗೆ ತಾಗಿ ನಿಂತಿತು — ಕಾರಿಡಾರಿನಲ್ಲಿ ಬಡಗಿ ವಿಭಾಗಗಳ ಫಲಕ ಬಿಚ್ಚುತ್ತಿದ್ದಾನೆ, ಒಂದೊಂದು ಫಲಕಕ್ಕೆ ನಾಲ್ಕು ಸ್ಕ್ರೂ, ಹನ್ನೊಂದು ವಿಭಾಗ, ನಲವತ್ನಾಲ್ಕು ಸಲ ಈ ಸದ್ದು ಕೇಳಬೇಕು, ಬೆಳಿಗ್ಗೆಯಿಂದ ಎಣಿಸುತ್ತಾ ಕೂತಿದ್ದೇನೆ ಮಾಡಲು ಬೇರೆ ಕೆಲಸವೇ ಇಲ್ಲದವಳ ಹಾಗೆ, ಇದು ಇಪ್ಪತ್ಮೂರನೆಯದೋ ಇಪ್ಪತ್ನಾಲ್ಕನೆಯದೋ, ತಪ್ಪಿಹೋಯಿತು, ಹೋಗಲಿ. ಹನ್ನೊಂದು ವಿಭಾಗ ಸೇರಿ ಮೂರು ನಿಕಾಯ ಆಗುತ್ತದಂತೆ. ಅಂತೆ ಏನು ಬಂತು, ಆಗಿಬಿಟ್ಟಿದೆ, ಕುಲಪತಿಗಳು ಸಭಾಂಗಣದಲ್ಲಿ ನಿಂತು ಇದು ಒಡೆಯೋದಲ್ಲ, ಹೊಸದಾಗಿ ಕಟ್ಟೋದು ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ, ಭಾಷಣ ಅವರದಾಯಿತು, ಕಟ್ಟುವ ಕೆಲಸ ನನ್ನ ಮೇಜಿಗೆ ಬಂತು, ಸಿಬ್ಬಂದಿ ಅಧಿಕಾರಿ ಅಂತ ಬೋರ್ಡು ಹಾಕಿಕೊಂಡು ಕೂತವಳು ನಾನೇ ತಾನೆ. ಕಚೇರಿಗಳ ನಲವತ್ತೊಂದು ಜನ, ಅವರ ಹಳೆಯ ಹುದ್ದೆ ಹೋಗುತ್ತದೆ, ಹೊಸ ಹುದ್ದೆ ಬರುತ್ತದೆ, ಹಳೆಯದರ ವಿವರವನ್ನು ಹೊಸದರ ವಿವರದ ಪಕ್ಕ ಇಟ್ಟು ಎಷ್ಟು ತಾಳೆಯಾಗುತ್ತದೆ ನೋಡಬೇಕು, ನೂರಕ್ಕೆ ಅರವತ್ತು ತಾಳೆಯಾದರೆ ನೇರವಾಗಿ ಹೊಸ ಕುರ್ಚಿ, ಇಲ್ಲದಿದ್ದರೆ ಹೊಂದಿಕೆ ಇಲ್ಲ ಅಂತ ಒಂದು ಪತ್ರ, ತಿಂಗಳ ಕೊನೆಗೆ ಮನೆ ದಾರಿ. ಮನುಷ್ಯರನ್ನು ನೋಡುವ ಹಾಗಿಲ್ಲ, ಕಾಗದ ಮಾತ್ರ ನೋಡಬೇಕು, ಮುಖ ನೋಡಿ ಮಣೆ ಹಾಕಿದ್ರು ಅಂತ ನಾಳೆ ಯಾರೂ ಅನ್ನಬಾರದು ಅಂತ ಕುಲಸಚಿವರು ಕನ್ನಡಕ ಒರೆಸುತ್ತಾ ಹೇಳಿದರು, ಅದೂ ನಿಜವೇ, ಯಾರು ಬೇಡ ಅನ್ನುತ್ತಾರೆ. ನಲವತ್ತು ಜನರದ್ದು ಮುಗಿಯಿತು. ಮೂವತ್ತೈದು ಜನಕ್ಕೆ ಹೊಂದಿಕೆ ಇದೆ, ಐದು ಜನಕ್ಕಿಲ್ಲ, ಆ ಐವರೂ ಒಬ್ಬೊಬ್ಬರಾಗಿ ಬಂದು ಈ ಎದುರಿನ ಕುರ್ಚಿಯಲ್ಲಿ ಕೂತು ಹೋದರು, ಒಬ್ಬಾಕೆ ಅತ್ತಳು, ಒಬ್ಬ ನೀರು ಕೇಳಿದ, ಗ್ರಂಥಾಲಯದ ಬೈಂಡರು ಮಾತ್ರ ಥ್ಯಾಂಕ್ಸ್ ಮೇಡಂ ಅಂದ, ಯಾಕಂದನೋ, ಅತ್ತವಳೇ ವಾಸಿ ಅನ್ನಿಸಿತು. ಕಣ್ಣು ಉರಿಯುತ್ತದೆ. ಟೀ ಆರಿದೆ. ಉಳಿದವರು ಒಬ್ಬರು, ಹನ್ನೊಂದು ಗಂಟೆಗೆ ಬರುತ್ತಾರೆ, ಈಗ ಹತ್ತೂ ಮುಕ್ಕಾಲು.

ದೊಡ್ಡಕ್ಕ. ಭೂವಿಜ್ಞಾನ ವಿಭಾಗದ ಕಚೇರಿ ಸಹಾಯಕಿ, ಪ್ರೊಫೆಸರುಗಳಿಂದ ಹಿಡಿದು ಗುಡಿಸುವವರವರೆಗೆ ಎಲ್ಲರ ಬಾಯಲ್ಲೂ ದೊಡ್ಡಕ್ಕ, ವಿಭಾಗದ ಮುಖ್ಯಸ್ಥರು ಐದು ಜನ ಬಂದರು, ಐದು ಜನ ಹೋದರು, ವಿಭಾಗ ನಡೆಸಿದ್ದು ಆಕೆ. ಇನ್ನೂರು ಚಿಲ್ಲರೆ ಡ್ರಾಯರು ಕಲ್ಲುಗಳಿವೆ ಅಲ್ಲಿ, ಯಾವ ಕಲ್ಲು ಯಾವ ಡ್ರಾಯರಿನಲ್ಲಿ ಅಂತ ಪಟ್ಟಿ ನೋಡದೆ ಹೇಳುತ್ತಾಳೆ, ಕ್ಷೇತ್ರಪ್ರವಾಸದ ಬಸ್ಸಿನಲ್ಲಿ ಯಾವ ಹುಡುಗಿಗೆ ವಾಂತಿಯಾಗುತ್ತದೆ, ಯಾರನ್ನು ಕಿಟಕಿ ಪಕ್ಕ ಕೂರಿಸಬೇಕು, ಯಾವ ಮೇಷ್ಟರು ರಜೆ ಹಾಕಿದರೆ ನಿವೃತ್ತರಾದ ಯಾವ ಮೇಷ್ಟರಿಗೆ ಫೋನು ಮಾಡಿದರೆ ಬೈಯುತ್ತಾ ಆದರೂ ಬಂದು ಪಾಠ ಮಾಡುತ್ತಾರೆ, ಪರೀಕ್ಷೆಯ ವೇಳಾಪಟ್ಟಿ, ಪ್ರಯೋಗಾಲಯದ ಸಾಮಾನಿನ ಟೆಂಡರು, ಎಲ್ಲ ಆಕೆಯದೇ, ಒಂದು ವರ್ಷವಂತೂ ಓದು ಬಿಟ್ಟು ಹೊರಟಿದ್ದ ಮೂರು ಜನರನ್ನು ಬಸ್ ನಿಲ್ದಾಣದಿಂದ ವಾಪಸು ಕರೆತಂದು ಪರೀಕ್ಷೆಗೆ ಕೂರಿಸಿದ್ದಳು. ಇದರಲ್ಲಿ ಒಂದಾದರೂ ಕಾಗದದಲ್ಲಿ ಇದೆಯೇ. ಕಾಗದದಲ್ಲಿ ನಾಲ್ಕು ಸಾಲಿದೆ: ಬೆರಳಚ್ಚು, ಟಪಾಲು, ಕಡತಗಳ ನಿರ್ವಹಣೆ, ಮುಖ್ಯಸ್ಥರು ಹೇಳಿದ ಇತರ ಕೆಲಸ. ಆ ನಾಲ್ಕು ಸಾಲು ಬರೆದವಳು ನಾನು. ಇಪ್ಪತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೂರನೇ ವಾರ, ಬೆರಳಚ್ಚುಗಾರರ ಹುದ್ದೆಯ ವಿವರ ಎದುರಿಗಿತ್ತು, ಅದನ್ನೇ ನಕಲು ಮಾಡಿ ಮೇಲೆ ಆಕೆಯ ಹೆಸರು ಹಾಕಿದೆ, ಸಂಜೆ ಐದಾಗಿತ್ತು, ಬಸ್ಸು ತಪ್ಪುತ್ತಿತ್ತು. ಆಮೇಲೆ ಪ್ರತಿವರ್ಷ ಒಂದು ನಮೂನೆ ಹೋಗುತ್ತದೆ, ನಿಮ್ಮ ಕೆಲಸದಲ್ಲಿ ಬದಲಾವಣೆ ಇದೆಯೇ ಅಂತ, ಇದೆ ಅಂದರೆ ಹನ್ನೊಂದು ಪುಟ ತುಂಬಿಸಬೇಕು, ಸಮಿತಿ ಕೂರಬೇಕು, ಆ ಹನ್ನೊಂದು ಪುಟ ತುಂಬಿಸುವವಳು ನಾನು, ಸಮಿತಿಗೆ ಟೀ ತರಿಸುವವಳೂ ನಾನೇ. ದೊಡ್ಡಕ್ಕಾ, ಇದೇನಿಲ್ಲ, ಸುಮ್ನೆ ಶಾಸ್ತ್ರಕ್ಕೆ, ಬದಲಾವಣೆ ಇಲ್ಲ ಅಂತ ಇದೆಯಲ್ಲ ಅಲ್ಲಿ ಒಂದು ಸಹಿ ಹಾಕಿಬಿಡಿ. ನೀನು ಹೇಳಿದ್ಮೇಲೆ ಆಯ್ತು ಬಿಡೇ, ಕೊಡಿಲ್ಲಿ. ಹತ್ತೊಂಬತ್ತು ಸಲ. ಹತ್ತೊಂಬತ್ತು ನಮೂನೆಗಳೂ ಕಡತದಲ್ಲಿ ಸಾಲಾಗಿ ಇವೆ, ನಿನ್ನೆ ತೆಗೆದು ನೋಡಿದೆ, ಹತ್ತೊಂಬತ್ತರಲ್ಲೂ ಒಂದೇ ದುಂಡು ಅಕ್ಷರದ ಸಹಿ. ಹೊಸ ರಚನೆಯಲ್ಲಿ ಬೆರಳಚ್ಚು ಯಾರಿಗೆ ಬೇಕು. ನೂರಕ್ಕೆ ಇಪ್ಪತ್ತೆರಡು ತಾಳೆಯಾಯಿತು. ನಾನು ಬಸುರಿಯಾಗಿದ್ದಾಗ ನಾಲ್ಕು ತಿಂಗಳು ನನ್ನ ಕಡತಗಳನ್ನೆಲ್ಲ ಎರಡು ಮಹಡಿ ಹತ್ತಿಸಿದವಳು, ನೀನು ಮೇಲೇಳಬೇಡ ಸುಮ್ನೆ ಕೂತಿರು ಅಂತ ಗದರುತ್ತಿದ್ದವಳು, ಆಕೆಗೆ ಇಪ್ಪತ್ತೆರಡು. ನಾಚಿಕೆಯಾಗುತ್ತದೆ.

ದಾರಿ ಇಲ್ಲವೇ, ಇದೆ. ಪತ್ರದ ಕೆಳಗೆ ಎರಡು ಗೆರೆ ಇವೆ, ಮೇಲಿನದು ಒಪ್ಪಿಗೆ ಇದೆ, ಕೆಳಗಿನದು ಆಕ್ಷೇಪಣೆ ಇದೆ, ಆಕೆ ಕೆಳಗಿನ ಗೆರೆಯ ಮೇಲೆ ಸಹಿ ಹಾಕಿದರೆ ಮರುಪರಿಶೀಲನೆ ಆಗುತ್ತದೆ, ವಿವರವೇ ತಪ್ಪು ಅಂತ ತೋರಿಸಿದರೆ ಹುದ್ದೆ ಸಿಗುತ್ತದೆ, ನೂರಕ್ಕೆ ನೂರು ಸಿಗುತ್ತದೆ, ನಿಕಾಯದ ಸಂಯೋಜಕರು ಅಂತ ಒಂದು ಹುದ್ದೆ ಇದೆ, ಅದರ ವಿವರ ಓದಿದರೆ ದೊಡ್ಡಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದ ಹಾಗಿದೆ. ಆದರೆ ಸಮಿತಿ ಮೊದಲು ಕೇಳುವುದು ಈ ನಾಲ್ಕು ಸಾಲು ಬರೆದವರು ಯಾರು, ಹತ್ತೊಂಬತ್ತು ವರ್ಷ ಯಾರೂ ಯಾಕೆ ತಿದ್ದಲಿಲ್ಲ. ತಪ್ಪು ನನ್ನದು ಅಂತ ನಾನು ಬರೆದುಕೊಡಬೇಕು. ಸೋಮವಾರ ನನ್ನದೂ ತೀರ್ಮಾನ — ಸಿಬ್ಬಂದಿ ಅಧಿಕಾರಿಗಳು ಈಗ ಇಬ್ಬರು, ಇನ್ನು ಮುಂದೆ ಒಬ್ಬರೇ, ಒಬ್ಬಳು ನಾನು, ಇನ್ನೊಬ್ಬ ಆ ಪಕ್ಕದ ಕೋಣೆಯ ಎಕ್ಸೆಲ್, ಮೂವತ್ತೆರಡು ವಯಸ್ಸು, ಎಲ್ಲರೂ ಅವನನ್ನು ಎಕ್ಸೆಲ್ ಅಂತಲೇ ಕರೆಯುವುದು, ಒಳ್ಳೆಯವನೇ ಪಾಪ, ಮೇಡಂ ನೀವೇ ಆಗ್ತೀರ ಬಿಡಿ ಅನ್ನುತ್ತಾನೆ, ಅನ್ನುತ್ತಲೇ ತನ್ನ ಕೋಷ್ಟಕಗಳನ್ನು ಕುಲಸಚಿವರಿಗೆ ನೇರವಾಗಿ ಕಳಿಸುತ್ತಾನೆ. ಯಜಮಾನರ ಬೆನ್ನಿನ ಆಪರೇಷನ್ ಆದಮೇಲೆ ಮನೆಯಲ್ಲಿ ಕೆಲಸಕ್ಕೆ ಹೋಗುವವಳು ನಾನೊಬ್ಬಳೇ, ಬೆಳಿಗ್ಗೆ ಅವರು ನನ್ನ ಚೀಲದ ಜಿಪ್ಪು ಎಳೆದುಕೊಡುತ್ತಾ ಕೇಳಿದರು, ಸೋಮವಾರದ್ದು ಏನೂ ತೊಂದರೆ ಇಲ್ಲ ತಾನೆ. ಏನೂ ಇಲ್ಲ ಅಂದೆ. ಮಗಳು ಕನ್ನಡಿಯೊಳಗಿಂದ ನೋಡಿದಳು, ಅವಳಿಗೆ ನನ್ನ ಸುಳ್ಳು ಗೊತ್ತಾಗುತ್ತದೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅಭ್ಯಾಸ ಮಾಡಿದೆ, ದೊಡ್ಡಕ್ಕಾ, ಒಪ್ಪಬೇಡಿ, ಕೆಳಗಿನ ಗೆರೆ ಮೇಲೆ ಸಹಿ ಹಾಕಿ, ತಪ್ಪು ನಂದು ಅಂತ ನಾನೇ ಬರ್ಕೊಡ್ತೀನಿ — ಮೂರು ನಿಲ್ದಾಣ ದಾಟುವಷ್ಟರಲ್ಲಿ ಬಾಯಿಪಾಠ ಆಗಿತ್ತು, ಪಕ್ಕದ ಹೆಂಗಸು ಒಂದು ಥರಾ ನೋಡಿ ಆಚೆ ಸರಿದಳು. ಹೇಳುತ್ತೇನೆ. ಹೇಳದೆ ಇರಲು ನಾನೇನು ಅಷ್ಟು ಕೆಟ್ಟವಳೇ.

ಬಂದಳು, ಬಾಗಿಲು ತಟ್ಟದೆ ಒಳಗೆ ಬರುವ ಹಕ್ಕು ಈ ಕಟ್ಟಡದಲ್ಲಿ ಆಕೆಯೊಬ್ಬಳಿಗೇ ಇದೆ, ಕೈಯಲ್ಲಿ ಕಲ್ಲಿನ ಡ್ರಾಯರುಗಳ ಬೀಗದ ಕೈ ಗೊಂಚಲು, ಅದನ್ನು ಮೇಜಿನ ಮೇಲೆ ಇಟ್ಟಳು, ಕೂತಳು, ಉಸ್ಸಪ್ಪಾ. ಏನೇ ಮುಖ ಇಷ್ಟಾಗಿದೆ, ನಿದ್ದೆ ಮಾಡಿದ್ಯಾ ಇಲ್ವಾ, ನಿಮ್ಮ ಯಜಮಾನ್ರು ಈಗ ನಡೀತಾರಾ. ನಡೀತಾರೆ ದೊಡ್ಡಕ್ಕಾ, ಗೋಡೆ ಹಿಡ್ಕೊಂಡು. ಹೊರಗೆ ಆ ಬಡಗಿ ನಮ್ಮ ಬೋರ್ಡು ಬಿಚ್ಚೋಕೆ ಬಂದಿದ್ದ, ನಾನು ಅಂದೆ, ಅಪ್ಪಾ, ಹುಷಾರು, ಬೋರ್ಡು ಒಡೆದ್ರೆ ನಿನ್ನೂ ಡ್ರಾಯರ್‌ನಲ್ಲಿಟ್ಟು ಚೀಟಿ ಅಂಟಿಸ್ತೀನಿ ಅಂತ — ನಗುತ್ತಾಳೆ, ನಾನೂ ನಗುತ್ತೇನೆ, ನಗುತ್ತಲೇ ಪತ್ರವನ್ನು ಅವಳ ಕಡೆ ತಿರುಗಿಸಿ ಇಟ್ಟೆ, ಈಗ ಹೇಳಬೇಕು, ಮೊದಲ ಶಬ್ದ ದೊಡ್ಡಕ್ಕಾ, ಆಮೇಲೆ ಒಪ್ಪಬೇಡಿ, ಬಾಯಿ ಒಣಗಿದೆ, ಒಂದು ಗುಟುಕು ಟೀ ಕುಡಿದು ಹೇಳೋಣ ಅಂತ ಲೋಟ ಎತ್ತಿದೆ, ಆರಿದ ಟೀ, ಕೆನೆ ತುಟಿಗಂಟಿತು, ಒರೆಸಿಕೊಂಡೆ, ಅಷ್ಟೇ, ಅಷ್ಟೇ ಹೊತ್ತು, ಲೋಟ ಕೆಳಗಿಟ್ಟು ನೋಡುತ್ತೇನೆ — ಸಹಿ ಆಗಿಹೋಗಿದೆ. ಓದಲೇ ಇಲ್ಲ. ಪೆನ್ನಿನ ಕ್ಯಾಪು ಹಾಕುತ್ತಿದ್ದಾಳೆ. ಮೇಲಿನ ಗೆರೆಯ ಮೇಲೆ, ಒಪ್ಪಿಗೆ ಇದೆ, ಮತ್ತು ಅವಳು ಆ ಗೆರೆಯನ್ನು ಹುಡುಕಲೂ ಬೇಕಿರಲಿಲ್ಲ, ಅಲ್ಲಿ ಇಂಟು ಗುರುತು ಇತ್ತು, ಪೆನ್ಸಿಲಿನದು, ಚಿಕ್ಕದು, ನಾನು ಹಾಕಿದ್ದು. ನಮ್ಮ ಕಚೇರಿಯ ಅಭ್ಯಾಸ ಅದು, ಯಾವ ಕಾಗದ ಹೊರಟರೂ ಸಹಿ ಎಲ್ಲಿ ಅಂತ ಪೆನ್ಸಿಲಿನಲ್ಲಿ ಒಂದು ಇಂಟು, ಜನ ತಡಕಾಡಬಾರದು, ಕೆಲಸ ಬೇಗ ಆಗಬೇಕು, ಬೆಳಿಗ್ಗೆ ಒಂಬತ್ತಕ್ಕೆ ಬಂದವಳೇ ಚೀಲ ಕೂಡ ಇಳಿಸದೆ ಉಳಿದ ಪತ್ರ ತೆಗೆದು ಇಂಟು ಹಾಕಿದ್ದೆ, ಬಸ್ಸಿನಲ್ಲಿ ಅಷ್ಟೆಲ್ಲ ಬಾಯಿಪಾಠ ಮಾಡಿಕೊಂಡು ಬಂದವಳು, ಮೇಲಿನ ಗೆರೆಯ ಮೇಲೆ, ಕೈಗೆ ಏನಾಗಿತ್ತು. ದೊಡ್ಡಕ್ಕಾ, ಅಂದೆ. ಹ್ಞೂಂ ಹೇಳು, ಯಾವ ಮಹಡಿಗೆ ಹಾಕಿದ್ದೀಯ ನನ್ನ, ಮೂರನೇದು ಬೇಡ ಕಣೆ, ಮಂಡಿ ಕೇಳಲ್ಲ. ಅವಳಿಗೆ ಗೊತ್ತಿಲ್ಲ. ಹೊಸ ಜಾಗದ ಆದೇಶ ಅಂದುಕೊಂಡಿದ್ದಾಳೆ. ನೀನೇ ನೋಡಿ ಹಾಕಿರ್ತೀಯ, ನಂಗೇನು ಚಿಂತೆ, ಆ ಬೈಂಡರ್ ಪಾಪ, ಅವನಿಗೆ ಯಾರೂ ಇರ್ಲಿಲ್ಲ ನೋಡು ಹೇಳೋಕೆ. ಆಮೇಲೆ ಹೇಳ್ತೀನಿ ದೊಡ್ಡಕ್ಕಾ, ಇನ್ನೂ ಪೂರ್ತಿ ಆಗಿಲ್ಲ. ಇದನ್ನು ಹೇಳಿದ್ದು ನಾನೇ, ನನ್ನ ದನಿಯೇ, ಇಷ್ಟು ಸಲೀಸಾಗಿ. ಆಯ್ತು ಬಿಡು, ಊಟ ಬಿಡಬೇಡ, ಅಂದಳು, ಗೊಂಚಲು ಎತ್ತಿಕೊಂಡಳು, ಹೋದಳು, ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು.

ಊಟ ಮಾಡಲಿಲ್ಲ. ಹನ್ನೆರಡಾಯಿತು, ಒಂದಾಯಿತು, ಎಕ್ಸೆಲ್ ಬಂದು ಇಣುಕಿ ಮೇಡಂ, ನಲವತ್ತೊಂದೂ ಆಯ್ತಾ, ಸೂಪರ್ ಅಂದ, ಕುಲಸಚಿವರು ಫೋನು ಮಾಡಿ ಗಲಾಟೆ ಏನೂ ಆಗಲಿಲ್ವಲ್ಲ, ಚೆನ್ನಾಗಿ ನಿಭಾಯಿಸಿದ್ರಿ ಅಂದರು, ಚೆನ್ನಾಗಿ ಅಂತ ಅವರು ಒಂದು ವರ್ಷದಲ್ಲಿ ನನಗೆ ಅಂದದ್ದು ಇದೇ ಮೊದಲು, ಸೋಮವಾರಕ್ಕೆ ಒಳ್ಳೆಯದೇ ಆಯಿತು ಅಂತ ಒಂದು ಕ್ಷಣ ಹಿತವಾಯಿತು, ಹಿತವಾಯಿತಲ್ಲ ನನಗೆ, ಥೂ. ಕೆಳಗೆ ಹೋಗಬಹುದು, ಒಂದೇ ಮಹಡಿ, ಈ ಕಾಗದ ಹರಿದು ಹೊಸದು ಮುದ್ರಿಸಬಹುದು, ನಾಲ್ಕು ಗಂಟೆಗೆ ಟಪಾಲಿಗೆ ಹೋಗಿ ಮೊಹರು ಬೀಳುವವರೆಗೆ ಇದು ಬರೀ ಕಾಗದ, ಎದ್ದರೆ ಆಯಿತು, ಕಾಲು ಜೋಮು ಹಿಡಿದಿದೆ, ಏಳುತ್ತೇನೆ. ಓದದೆ ಸಹಿ ಹಾಕಿದ್ದು ಅವಳದೂ ತಪ್ಪಲ್ಲವೇ — ಹತ್ತೊಂಬತ್ತು ವರ್ಷ ಓದಬೇಡಿ ಅಂತ ಕಲಿಸಿದವಳು ಯಾರು. ಐವತ್ತೇಳು ಅವಳಿಗೆ, ಇನ್ನು ಮೂರು ವರ್ಷ, ಹೇಗೂ ನಿವೃತ್ತಿ — ಆ ಮೂರು ವರ್ಷ ಅವಳ ಮೂರು ವರ್ಷ, ನನ್ನದಲ್ಲ. ಮಗಳು ಕನ್ನಡಿಯೊಳಗಿಂದ ನೋಡಿದಳು. ಗೋಡೆ ಹಿಡಿದು ನಡೆಯುವ ಯಜಮಾನರು. ನನಗೆ ಭಯ, ಇಷ್ಟೇ, ಬೇರೆ ದೊಡ್ಡ ಕಾರಣ ಏನೂ ಇಲ್ಲ, ಭಯ. ಸಹಿಯ ಕೆಳಗೆ ಆ ಇಂಟು ಕಾಣುತ್ತದೆ, ದುಂಡು ಅಕ್ಷರದ ಹೊಟ್ಟೆಯೊಳಗೆ ಬೂದುಬಣ್ಣದ ಇಂಟು, ನೋಡಲಾಗುವುದಿಲ್ಲ, ಡ್ರಾಯರು ಎಳೆದೆ, ರಬ್ಬರು ಸಿಕ್ಕಿತು, ಉಜ್ಜಿದೆ, ಇದನ್ನಾದರೂ ಅಳಿಸೋಣ, ಇಷ್ಟಾದರೂ ಇಲ್ಲದ ಹಾಗೆ ಆಗಲಿ ಅಂತ ಉಜ್ಜಿದೆ, ಪುಡಿ ಊದಿದೆ, ಹೋಯಿತು, ನೀಲಿ ಶಾಯಿ ಹಾಗೇ ಉಳಿಯಿತು, ಪೆನ್ಸಿಲು ಮಾತ್ರ ಹೋಯಿತು — ಆಗ ಹೊಳೆಯಿತು ಏನು ಮಾಡಿದೆ ಅಂತ. ಅಳಿಸಿದ್ದು ಅವಳ ಒಪ್ಪಿಗೆಯನ್ನಲ್ಲ, ನನ್ನ ಕೈಯನ್ನು. ಈಗ ಈ ಕಾಗದ ಯಾರು ನೋಡಿದರೂ ಯಾರೂ ತೋರಿಸಿಕೊಡದೆ, ತಾನಾಗಿಯೇ, ಮನಸಾರೆ ಒಪ್ಪಿ ಸಹಿ ಹಾಕಿದ್ದಾಳೆ ಅನ್ನಬೇಕು.

ಮುಗೀತಾ ಮೇಡಂ, ಟಪಾಲಿನವನು ಬಾಗಿಲಲ್ಲಿ, ನಾಲ್ಕಕ್ಕೆ ಐದು ನಿಮಿಷ, ಟ್ರೇ ಎತ್ತಿಕೊಂಡ, ಎಣಿಸಿದ, ನಲವತ್ತಿದೆ, ಒಂದು ಕಮ್ಮಿ, ಆ ಕೈಲಿರೋದೂ ಕೊಡ್ತೀರಾ. ಕೈಯಲ್ಲಿದೆ. ಕೊಡುತ್ತೇನೋ, ಒಂದು ನಿಮಿಷ, ಇಲ್ಲ, ದೊಡ್ಡಕ್ಕನನ್ನು ಸ್ವಲ್ಪ ಮೇಲೆ ಬರೋಕೆ ಹೇಳಪ್ಪಾ ಅಂದರೆ ಸಾಕು, ಅವನು ಹೇಳುತ್ತಾನೆ, ಅವಳು ಬರುತ್ತಾಳೆ, ಮಂಡಿ ಹಿಡಿದುಕೊಂಡು ಬಂದೇ ಬರುತ್ತಾಳೆ, ಬಾಯಿ ತೆರೆದೆ, ಕಾಗದ ಕಿಟಕಿಯ ಕಡೆ ಓರೆಯಾಯಿತು, ಬೆಳಕು ಅಡ್ಡಡ್ಡ ಬಿತ್ತು — ಬೆಳಿಗ್ಗೆ ಅವಸರದಲ್ಲಿ ಒತ್ತಿ ಬರೆದಿದ್ದೆ, ಗುರುತು ಕಾಣುತ್ತದೆ, ಬಣ್ಣವಿಲ್ಲ, ಕಾಗದ ತಗ್ಗಿದೆ ಅಷ್ಟೇ, ಎರಡು ಗೀರು, ಒಂದರ ಮೇಲೊಂದು, ಅವಳ ಸಹಿಯ ನಡುವೆ, ಮೇಡಂ, ಎರಡು ಗೀರು, ಮೇಡಂ ಕೊಡ್ತೀರಾ, ಇಂಟು, ಅಲ್ಲೇ ಇದೆ, ಇಂಟು